ಒಳಸುದ್ದಿ ಪ್ರಮಾಣ ವಿಚಾರ

ಅರಿವಿಗೆ ನಾಲ್ಕು ದಾರಿ ಎಂದರು ನೈಯಾಯಿಕರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಗೌತಮ ಮಹರ್ಷಿಗಳಿಗೆ ಡಿಮ್ಯಾಟ್ ಖಾತೆ ಇರಲಿಲ್ಲವಾಗಿ, ಯಾವ ದಾರಿಯ ಅರಿವಿಗೆ ಎಷ್ಟು ದಂಡ ಎಂಬುದನ್ನು ಅವರು ಹೇಳದೆ ಬಿಟ್ಟರು. ಆ ಕೊರತೆಯನ್ನು ಷೇರುಪೇಟೆ ನಿಯಂತ್ರಕ ಸೆಬಿಯ ಕಾಯ್ದೆಯೂ ಒಳಸುದ್ದಿ ವಹಿವಾಟು ತಡೆಯುವ ಅದರ 2015ರ ನಿಯಮಗಳೂ ತುಂಬಿವೆ. ಬೆಂಗಳೂರಿನ ದಂಡುಪ್ರದೇಶದಿಂದ ಕೆ.ಆರ್. ಪುರದವರೆಗಿನ ಪೂರ್ವದೇಶಕ್ಕೆ ಅವುಗಳ ಭಾಷ್ಯವಷ್ಟೇ ಇದು.

ಪ್ರತ್ಯಕ್ಷಿ ಎಂದರೆ ಕಡತವನ್ನು ಕಣ್ಣಾರೆ ಕಂಡವನು. ಕಬ್ಬನ್ ರಸ್ತೆಯ ಎಚ್‌ಎಎಲ್ ಇರಲಿ, ದೂರವಾಣಿನಗರದ ಐಟಿಐ ಇರಲಿ, ಷೇರುಪೇಟೆಯಲ್ಲಿ ಹೆಸರಿರುವ ಕಂಪನಿಯೆಲ್ಲದರಲ್ಲೂ ಈ ಜಾತಿಯವರು ಇರಲೇಬೇಕು. ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಹೊರಬಿದ್ದು 48 ಗಂಟೆ ಕಳೆಯುವವರೆಗೆ ಸ್ವಂತ ಕಂಪನಿಯ ಷೇರು ಇವರು ಮುಟ್ಟುವಂತಿಲ್ಲ. ಗ್ರಹಣದ ಸೂತಕವೇ ವಾಸಿ. ಹೆಂಡತಿಯ ಖಾತೆಯಲ್ಲಿ ಕೊಂಡರಾಯಿತು ಎನ್ನುವ ಉಪಪಂಗಡವೂ ಇದೆ. ಹತ್ತಿರದ ನೆಂಟರನ್ನು ನಿಯಮ ಮೊದಲೇ ಒಳಗೆ ಹಾಕಿಕೊಂಡಿರುವುದು ಇವರಿಗೆ ನೋಟಿಸು ಬಂದ ಮೇಲೆ ತಿಳಿಯುತ್ತದೆ.

ಶಬ್ದಪ್ರಮಾಣಿಗಳೇ ನಮ್ಮ ಶಾಸ್ತ್ರದ ತಿರುಳು. ಇಂದಿರಾನಗರದ 100 ಅಡಿ ರಸ್ತೆಯ ಪಬ್ಬಿನಲ್ಲಿ ಶನಿವಾರ ರಾತ್ರಿ ಒಬ್ಬಾತ ಗೆಳೆಯನ ಕಿವಿಗೆ ಬಾಗುತ್ತಾನೆ: "ಪಕ್ಕಾ ನ್ಯೂಸ್ ಗುರು, ಯಾರ್ಗೂ ಹೇಳ್ಬೇಡ." ಡ್ರಮ್ಮಿನ ಸದ್ದಿಗೆ ಗೆಳೆಯ "ಏನು?" ಎನ್ನುತ್ತಾನೆ. ಗುಟ್ಟನ್ನು ಎರಡನೇ ಸಲ ಕೂಗಿ ಹೇಳಬೇಕಾಗುತ್ತದೆ. ಈಗ ಪಕ್ಕದ ಮೇಜಿನವರೂ ಮಸಾಲೆ ಕಡಲೆ ತಂದ ಹುಡುಗನೂ ಒಳಗಿನವರೇ. ಷೇರಿನ ಬೆಲೆ ಕದಲಿಸಬಲ್ಲ, ಪ್ರಕಟವಾಗದ ಸೂಕ್ಷ್ಮ ಸುದ್ದಿ ಕೈಗೆ ಬಂದರೆ ಸಾಕು, ಹುದ್ದೆಯನ್ನು ನಿಯಮ ಕೇಳುವುದಿಲ್ಲ. ಸೋಮವಾರ ಆ ಹುಡುಗ ಷೇರು ಕೊಂಡರೆ ದಂಡ 10 ಲಕ್ಷಕ್ಕೆ ಕಡಿಮೆಯಿಲ್ಲ. ಮೇಲಿನ ಮಿತಿ 25 ಕೋಟಿ ಅಥವಾ ಲಾಭದ 3 ಪಟ್ಟು, ಯಾವುದು ಹೆಚ್ಚೋ ಅದು. ಟಿಪ್ಸಿನಲ್ಲಿ ಕಟ್ಟಿ ತೀರಿಸುವ ಮೊತ್ತವಲ್ಲ.

ಹೊಗೆ ಕಂಡು ಬೆಂಕಿ ಊಹಿಸುವ ಅನುಮಾನಿ ನಿರ್ದೋಷಿ. ಆ ಷೇರಿಗೆ ಆದದ್ದು ಈ ಷೇರಿಗೂ ಆದೀತೆಂಬ ಉಪಮಾನಿಗೆ ಕಾನೂನೇ ಬೇಕಿಲ್ಲ, ಪೇಟೆಯೇ ದಂಡಿಸುತ್ತದೆ.

ಸುದ್ದಿ ಸೂಕ್ಷ್ಮವೋ ಸಾಮಾನ್ಯವೋ ಎಂಬಲ್ಲೇ ತರ್ಕ ಗಂಟು ಬೀಳುವುದೂ ಉಂಟು. ಇನ್ಫೊಸಿಸ್ 2020ರ ಜುಲೈ 14ರಂದು ಘೋಷಿಸಿದ ವ್ಯಾನ್‌ಗಾರ್ಡ್ ಒಪ್ಪಂದ ದಿನನಿತ್ಯದ ವ್ಯವಹಾರ ಎಂದಿತು ಕಂಪನಿ; ಸೆಬಿ ಹಾಗೆ ತಿಳಿಯಲಿಲ್ಲ. 2024ರ ಜೂನ್‌ನಲ್ಲಿ ಕಂಪನಿಯ ಸಿಇಒ 25 ಲಕ್ಷ ಕಟ್ಟಿ ಪ್ರಕರಣ ಇತ್ಯರ್ಥ ಮಾಡಿಕೊಂಡರು. ಇಂಥ ಇತ್ಯರ್ಥದಲ್ಲಿ ತಪ್ಪನ್ನು ಒಪ್ಪುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ. ಅದ್ವೈತಿಗಳಾದರೆ ಅನಿರ್ವಚನೀಯ ಎಂದು ಮುಂದೆ ಹೋಗುತ್ತಿದ್ದರು.

ಇನ್ನು ಮಣ್ಣಿನ ಒಳಸುದ್ದಿ. ಬೈಯಪ್ಪನಹಳ್ಳಿಗೆ 2011ರಲ್ಲಿ, ಕೆ.ಆರ್. ಪುರಕ್ಕೆ 2023ರಲ್ಲಿ ಮೆಟ್ರೊ ಬಂತು. ಕಂಬ ಏಳುವ ಮೊದಲೇ ನಿಲ್ದಾಣದ ಜಾಗ ಬಲ್ಲವನು ಮೇಲಿನ ನಾಲ್ವರಲ್ಲಿ ಯಾರಾದರೂ ಆಗಿರಲಿ, ಸೈಟು ಷೇರಲ್ಲವಾದ್ದರಿಂದ ಸೆಬಿಯ ಕೈ ಅಲ್ಲಿಗೆ ನಿಲುಕದು. ಷೇರುಪೇಟೆಯವನು ಪಿಸುಗುಟ್ಟಿಯೂ ಬೆವರುತ್ತಾನೆ. ಟಿನ್ ಫ್ಯಾಕ್ಟರಿ ಹತ್ತಿರದ ಬ್ರೋಕರಿಗೆ ಆ ಭಯವಿಲ್ಲ: "ಇನ್ನೂ ಗೆಜೆಟ್ ಆಗಿಲ್ಲ ಸಾರ್, ಅದಕ್ಕೇ ಈ ರೇಟು. ಟೋಕನ್ ಹಾಕ್ಬಿಡಿ." ರಸೀದಿ ಕೇಳಿದರೆ ಅದನ್ನೂ ಬರೆದುಕೊಡುತ್ತಾನೆ.