ಏಜೆಂಟ್ ಮಹಾಶಯರ ಬಾಗಿಲಿಗೆ ಅಂಟಿಸಿದ ಪತ್ರ

ಲಂಡನ್ ಮತ್ತು ನ್ಯೂಯಾರ್ಕಿನ ಸಾಹಿತ್ಯ ಏಜೆಂಟ್ ಮಹಾಶಯರಿಗೆ,

ತಮ್ಮ ನಿಯಮಾವಳಿಯನ್ನು ಭಯಭಕ್ತಿಯಿಂದ ಓದಿಕೊಂಡೇ ಈ ಪತ್ರಕ್ಕೆ ಕೈಹಾಕಿದ್ದೇನೆ. ಅರ್ಜಿ ಒಂದೇ ಪುಟದಲ್ಲಿ ಮುಗಿಯಬೇಕು ಎನ್ನುತ್ತೀರಿ. ಇದು ಮುಗಿಯುವುದಿಲ್ಲ, ಆದ್ದರಿಂದ ಇಲ್ಲಿಯೇ ತಿರಸ್ಕರಿಸಿ ಮುಂದೆ ಓದಬಹುದು. ಕಾದಂಬರಿಕಾರನೊಬ್ಬ ತಮ್ಮ ಬಾಗಿಲಿಗೆ ಬರುವಾಗ ಕಾದಂಬರಿಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತರಬೇಕಾಗುತ್ತದೆ: ಸಾರಾಂಶ, ಮೊದಲ ಮೂರು ಅಧ್ಯಾಯ, ಫಾಲೋವರ್‌ಗಳ ಲೆಕ್ಕ, ಜೊತೆಗೆ ಈಚಿನ ವರ್ಷಗಳಲ್ಲಿ ಚೆನ್ನಾಗಿ ಮಾರಾಟವಾದ, ಇದನ್ನೇ ಹೋಲುವ ಎರಡು ಪುಸ್ತಕಗಳ ಹೆಸರು. ಕೃತಿ ಹಿಂದೆಂದೂ ಯಾರೂ ಬರೆಯದಂಥದ್ದಾಗಿರಬೇಕು, ಮೊನ್ನೆ ತಾನೇ ಯಾರೋ ಬರೆದಂತೆಯೂ ಇರಬೇಕು. ಜಾತಕ, ಫೋಟೋ, ಆಸ್ತಿ ವಿವರ ಎಲ್ಲವನ್ನೂ ಕೇಳುವ ಮದುವೆ ದಲ್ಲಾಳಿ ಕೂಡ, ಹುಡುಗಿ ಹೋದ ವರ್ಷ ಮದುವೆಯಾದ ಇಬ್ಬರು ಹುಡುಗಿಯರಂತೆಯೇ ಇರಬೇಕೆಂದು ಹಟ ಹಿಡಿಯುವುದಿಲ್ಲ. ಇಷ್ಟೆಲ್ಲ ಒಪ್ಪಿಸಿದ ಮೇಲೂ ಕೆಲವು ವಾರಗಳಲ್ಲಿ ಉತ್ತರ ಬಾರದಿದ್ದರೆ ಆ ಮೌನವನ್ನೇ ತಮ್ಮ ಅಭಿಪ್ರಾಯವೆಂದು ಸ್ವೀಕರಿಸಬೇಕು.

ತಾವು ಮೊದಲಿನಿಂದ ಹೀಗಿದ್ದವರಲ್ಲ. 1880ರ ಆಸುಪಾಸಿನಲ್ಲಿ ಎ. ಪಿ. ವಾಟ್ ಎಂಬ ಸ್ಕಾಟ್ಲೆಂಡಿನವ ಲಂಡನ್ನಿನಲ್ಲಿ ಈ ಕಸುಬನ್ನು ಕಟ್ಟಿ ನಿಲ್ಲಿಸಿದಾಗ ಕೆಲಸ ಸರಳವಾಗಿತ್ತು. ಲೇಖಕನ ಪರವಾಗಿ ಪ್ರಕಾಶಕನೆದುರು ಕೂತು ಚೌಕಾಸಿ ಮಾಡುವುದು, ಬಂದದ್ದರಲ್ಲಿ ನೂರಕ್ಕೆ ಹತ್ತು ಹಿಡಿದುಕೊಳ್ಳುವುದು. ಹಾರ್ಡಿ, ಕಿಪ್ಲಿಂಗ್, ಕಾನನ್ ಡಾಯ್ಲ್ ಎಲ್ಲರೂ ಅವನ ಕಕ್ಷಿದಾರರು. ಪ್ರಕಾಶಕರಿಗೆ ಮೈಯೆಲ್ಲ ಉರಿಯಿತು. 1893ರಲ್ಲಿ ವಿಲಿಯಂ ಹೈನ್‌ಮನ್ ತಮ್ಮ ಏಜೆಂಟ್ ಕುಲವನ್ನು ಪರೋಪಜೀವಿಗಳೆಂದು ಬಹಿರಂಗವಾಗಿಯೇ ಜರೆದ. ಪ್ರಕಾಶಕನ ಬಾಯಿಂದ ಅಂಥ ಬೈಗುಳ ಹೊರಡಿಸುವುದಕ್ಕಿಂತ ದೊಡ್ಡ ಬಿರುದು ಲೇಖಕನ ವಕೀಲನಿಗೆ ಬೇಕೆ? ಈಗಿನ ದೊಡ್ಡ ಪ್ರಕಾಶಕರು ತಮ್ಮನ್ನು ಬೈಯುವುದಿಲ್ಲ. ಬೈಯುವುದಿರಲಿ, ಏಜೆಂಟರ ಮೂಲಕ ಬಾರದ ಹಸ್ತಪ್ರತಿಯನ್ನು ಬಹುತೇಕರು ಬಿಚ್ಚಿಯೂ ನೋಡುವುದಿಲ್ಲ. ಎದುರಾಳಿಗೆ ತಾವು ಇಷ್ಟೊಂದು ಪ್ರಿಯರಾದದ್ದು ಹೇಗೆ?

ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಹಿಂದೆ ಹಸ್ತಪ್ರತಿಯ ಮೊದಲ ಓದಿನ ಖರ್ಚು ಪ್ರಕಾಶಕನ ತಲೆಯ ಮೇಲಿತ್ತು. ಹಣ ಕೊಟ್ಟು ರೀಡರ್‌ಗಳನ್ನು ಇಟ್ಟುಕೊಳ್ಳುತ್ತಿದ್ದ. ಜೋಸೆಫ್ ಕಾನ್ರಾಡ್ ಇನ್ನೂ ನಾವಿಕನಾಗಿದ್ದಾಗ, 1889ರಲ್ಲಿ, ‘ಆಲ್ಮೇಯರ್ಸ್ ಫಾಲಿ’ ಕಾದಂಬರಿ ಬರೆಯಲು ಶುರುಮಾಡಿದ. ಅದರ ಹಾಳೆಗಳು ಅವನ ಜೊತೆ ಸಮುದ್ರ ಸುತ್ತಿದವು, ಕಾಂಗೋಕ್ಕೂ ಹೋಗಿಬಂದವು. 1894ರಲ್ಲಿ ಮುಗಿಸಿದವನೇ ಏಜೆಂಟ್ ಯಾರೂ ಇಲ್ಲದೆ ಫಿಶರ್ ಅನ್ವಿನ್ ಪ್ರಕಾಶನ ಸಂಸ್ಥೆಗೆ ಕಳಿಸಿದ. ಅಲ್ಲಿನ ರೀಡರ್‌ಗಳು ಓದಿ ಮೆಚ್ಚಿದರು. ಎಡ್ವರ್ಡ್ ಗಾರ್ನೆಟ್ ಅವರಲ್ಲೊಬ್ಬ. ಮರುವರ್ಷ ಪುಸ್ತಕ ಹೊರಬಂತು. ಪೋಲೆಂಡಿನಿಂದ ಬಂದ ನಾವಿಕ, ಕಲಿತು ಬರೆದ ಇಂಗ್ಲಿಷ್, ಬೋರ್ನಿಯೋದ ಕಥೆ: ಹೋಲುವ ಎರಡು ಪುಸ್ತಕಗಳ ಹೆಸರು ಕೇಳಿದ್ದರೆ ಪಾಪ ಏನೆನ್ನುತ್ತಿದ್ದ? ಇಂದು ಗಾರ್ನೆಟ್ಟನ ಕೆಲಸವನ್ನು ತಾವು ಮಾಡುತ್ತೀರಿ, ಆದರೆ ಪ್ರಕಾಶಕ ತಮಗೆ ಸಂಬಳ ಕೊಡುವುದಿಲ್ಲ. ತಮ್ಮ ವರಮಾನ ಲೇಖಕರ ಗಳಿಕೆಯ ಶೇಕಡಾ 15, ವಿದೇಶಿ ಹಕ್ಕುಗಳಲ್ಲಾದರೆ ಸಾಮಾನ್ಯವಾಗಿ 20. ಅಂದರೆ ಪ್ರಕಾಶಕನ ಜರಡಿಗೆ ಕೂಲಿ ಕೊಡುತ್ತಿರುವವರು ಲೇಖಕರು. ಪ್ರೀತಿ ಹುಟ್ಟದೆ ಏನು ಮಾಡೀತು!

ತಾವು ಹೇಳುವುದು ಗೊತ್ತು. ಏಜೆಂಟ್ ಇಲ್ಲದಿದ್ದರೆ ಲೇಖಕನನ್ನು ಹಗಲುದರೋಡೆ ಮಾಡುತ್ತಾರೆ. ನಿಜ. ಜೇನ್ ಆಸ್ಟಿನ್ ‘ಸುಸಾನ್’ ಎಂಬ ಕಾದಂಬರಿಯನ್ನು 1803ರಲ್ಲಿ 10 ಪೌಂಡಿಗೆ ಮಾರಿದಳು. ಕೊಂಡವನು ಅಚ್ಚು ಹಾಕದೆ ಸುಮ್ಮನೆ ಇಟ್ಟುಕೊಂಡ. ಆಕೆಯ ಕಡೆಯವರು 1816ರಲ್ಲಿ ಅಷ್ಟೇ ಹಣ ಕೊಟ್ಟು ವಾಪಸು ಪಡೆಯಬೇಕಾಯಿತು. ಕಾನ್ರಾಡನಿಗೂ ಮುಂದೆ ಜೆ. ಬಿ. ಪಿಂಕರ್ ಎಂಬ ಏಜೆಂಟ್ ಸಿಕ್ಕಿ, ವರ್ಷಗಟ್ಟಲೆ ಮುಂಗಡ ಕೊಟ್ಟು ಅವನ ಸಂಸಾರ ನಡೆಸಿದ. ಆದರೆ ಗಮನಿಸಿ, ಪಿಂಕರ್ ಹಣ ಕೊಟ್ಟದ್ದು ಇನ್ನೂ ಬರೆಯದ ಪುಟಗಳಿಗೆ, ನಿಧಾನಕ್ಕೆ ಬರೆಯುವ, ಹೆಚ್ಚು ಮಾರಾಟವಾಗದ ಒಬ್ಬನಿಗೆ. ಬರೆದದ್ದನ್ನು ಕಾಯುವ ಏಜೆಂಟನ ಬಗ್ಗೆ ತಕರಾರಿಲ್ಲ. ಬರೆಯುವ ಮೊದಲೇ ಮಾರುಕಟ್ಟೆಯ ಅಳತೆಪಟ್ಟಿ ಹಿಡಿದು ನಿಂತವನ ಬಗ್ಗೆ ಇದೆ. ಕಾದಂಬರಿ ಬರೆಯುವುದು ಒಂದು ವಿದ್ಯೆ, ಅದನ್ನು ಒಂದು ಪುಟದಲ್ಲಿ ಬಣ್ಣಿಸಿ ಮಾರುವುದು ಇನ್ನೊಂದು. ಎರಡನೆಯದರಲ್ಲಿ ಫೇಲಾದವರನ್ನು ಮೊದಲನೆಯದರ ಪರೀಕ್ಷೆಗೇ ಕೂರಿಸದಿರುವುದು ಯಾವ ನ್ಯಾಯ? ರಾಶಿರಾಶಿ ಅರ್ಜಿ ಬರುತ್ತವೆ, ಬೇರೆ ದಾರಿಯಿಲ್ಲ ಎಂದರೆ, ಆ ರಾಶಿ ಪ್ರಕಾಶಕನ ಅಂಗಳದಿಂದ ತಮ್ಮ ಅಂಗಳಕ್ಕೆ ಬಂದದ್ದು ಹೇಗೆಂದು ಅವನನ್ನೇ ಕೇಳಬೇಕು.

ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ಅವರನ್ನೇ ನೋಡಿ. ‘ಸ್ವಾಮಿ ಅಂಡ್ ಫ್ರೆಂಡ್ಸ್’ ತಿರಸ್ಕೃತವಾಗುತ್ತಲೇ ಇದ್ದಾಗ, ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸೆಂದು ಆಕ್ಸ್‌ಫರ್ಡಿನ ಗೆಳೆಯನಿಗೆ ಬರೆದರು. ಗೆಳೆಯ ಅದನ್ನು ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗಿತ್ತ. 1935ರಲ್ಲಿ ಪುಸ್ತಕ ಬಂತು, ಮಾರಾಟವಾಗಲಿಲ್ಲ. ಎರಡನೆಯದು ಬೇರೆ ಪ್ರಕಾಶಕರಲ್ಲಿ, ಮೂರನೆಯದು ಮತ್ತೊಬ್ಬರಲ್ಲಿ. ಇಂದು ಮೊದಲ ಪುಸ್ತಕದ ಮಾರಾಟದ ಅಂಕಿ ಕಂಪ್ಯೂಟರಿನಲ್ಲಿ ಕಂಡೊಡನೆ ಮೂರನೆಯದರ ಮಾತೇ ಏಳುತ್ತಿರಲಿಲ್ಲ. ಅವರ ಕಲ್ಪನೆಯ ಊರು ಮಾಲ್ಗುಡಿಯಲ್ಲಿ ರೈಲು ನಿಲ್ಲುತ್ತಿತ್ತೋ ಇಲ್ಲವೋ.

ಇನ್ನು ತಿರುಗಾಟ. ಲೇಖಕರಿಗೆ ಪ್ರಯಾಣ ಬೇಕು, ಅನುಮಾನವಿಲ್ಲ. ನಾರಾಯಣ್ 1956ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಅಮೆರಿಕಕ್ಕೆ ಹೋಗಿ ಬರ್ಕ್ಲಿಯ ಹೋಟೆಲೊಂದರಲ್ಲಿ ಕೂತು ‘ದಿ ಗೈಡ್’ ಬರೆದರು. ಮಲೆನಾಡಿನ ಅಗ್ರಹಾರದ ‘ಸಂಸ್ಕಾರ’ವನ್ನು ಅನಂತಮೂರ್ತಿಯವರು ಬರೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಬರ್ಗ್‌ಮನ್‌ನ ಸಿನಿಮಾವೊಂದು ತಲೆ ಕೆಡಿಸಿದ ಮೇಲೆ. ಆ ಪ್ರಯಾಣಗಳಲ್ಲಿ ಅವರಿಗೆ ಕೂತು ಬರೆಯಲು ಬಿಡುವಿತ್ತು ಅನ್ನುವುದು ಮುಖ್ಯ. ಈಗಿನದು ಸಾಹಿತ್ಯೋತ್ಸವದಿಂದ ಸಾಹಿತ್ಯೋತ್ಸವಕ್ಕೆ ಓಡುವ ಪ್ರಯಾಣ, ಕೊರಳಲ್ಲಿ ಗುರುತಿನ ಚೀಟಿ, ಬಾಯಲ್ಲಿ ಅದೇ ನಾಲ್ಕು ಉತ್ತರ. ಮುಂದಿನ ಕಾದಂಬರಿ ಎಲ್ಲಿಗೆ ಬಂತು ಎಂದು ವೇದಿಕೆಯ ಮೇಲೆ ಕೇಳುತ್ತಾರೆ. ವಿಮಾನ ನಿಲ್ದಾಣದಲ್ಲೇ ನಿಂತಿದೆ ಎನ್ನುವಂತಿಲ್ಲ.

ಕನ್ನಡದಲ್ಲಿ ತಮ್ಮ ಸುಳಿವು ಅಪರೂಪ. ಕಾರಣ ನಮ್ಮ ಸದಾಚಾರವಲ್ಲ, ಗಣಿತ. 200 ರೂಪಾಯಿಯ ಪುಸ್ತಕ 1,000 ಪ್ರತಿ ಖರ್ಚಾಗಿ, ನೂರಕ್ಕೆ ಹತ್ತರ ರಾಯಲ್ಟಿ ಪ್ರಾಮಾಣಿಕವಾಗಿ ಕೈಸೇರಿತು ಎಂದುಕೊಳ್ಳೋಣ (ಕಾದಂಬರಿಕಾರರಿಗೆ ಕಲ್ಪನೆಯ ಹಕ್ಕಿದೆ). ಲೇಖಕನಿಗೆ 20,000 ರೂಪಾಯಿ, ತಮಗೆ 3,000. ಲಂಡನ್ನಿನಲ್ಲಿ ಅದರಿಂದ ಒಂದು ಒಳ್ಳೆಯ ಊಟವೂ ಕಷ್ಟ. ಹಾಗಾಗಿ ಕನ್ನಡದ ಲೇಖಕ ತಮ್ಮ ಬಾಗಿಲಿಗೆ ಬರಬೇಕಾದರೆ ಮೊದಲು ಅನುವಾದಕರೊಬ್ಬರು ತಿಂಗಳುಗಟ್ಟಲೆ ಬಿಟ್ಟಿ ದುಡಿಯಬೇಕು. ‘ಸಣ್ಣಕತೆ ಮಾರಾಟವಾಗುವುದಿಲ್ಲ’ ಎಂಬ ತಮ್ಮ ಸುಪ್ರಸಿದ್ಧ ಸೂತ್ರವನ್ನು ಎಲ್ಲರೂ ನಂಬಿ ಕೂತಿದ್ದರೆ, ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷಿನಲ್ಲಿ ‘ಹಾರ್ಟ್ ಲ್ಯಾಂಪ್’ ಆಗಿ ಶೆಫೀಲ್ಡಿನ ಪುಟ್ಟ ಪ್ರಕಾಶನವೊಂದರಿಂದ ಬರುತ್ತಲೇ ಇರಲಿಲ್ಲ. 2025ರ ಅಂತರರಾಷ್ಟ್ರೀಯ ಬೂಕರ್ ಅದಕ್ಕೆ ಸಿಕ್ಕಿತು, 50,000 ಪೌಂಡ್ ಇಬ್ಬರಿಗೂ ಸಮಪಾಲು. ಒಂದು ಗೆಲುವಿನಿಂದ ವ್ಯವಸ್ಥೆ ತಪ್ಪೆಂದು ಸಾಬೀತಾಗುವುದಿಲ್ಲ ಎನ್ನಬಹುದು. ಒಪ್ಪಿದೆ. ಆದರೆ ಸೂತ್ರವನ್ನು ಸಾಬೀತು ಮಾಡಲು ತಾವು ತೋರಿಸುತ್ತಿದ್ದ ಪುರಾವೆ, ಯಾರೂ ಮಾರಲು ಹೋಗದ ಪುಸ್ತಕಗಳು ಮಾರಾಟವಾಗಲಿಲ್ಲ ಎಂಬುದಷ್ಟೇ ಅಲ್ಲವೆ?

ಆದ್ದರಿಂದ ಬೇಡಿಕೆ ದೊಡ್ಡದೇನಲ್ಲ. ಮೊದಲ ಓದಿನ ಬಿಲ್ಲನ್ನು ಪ್ರಕಾಶಕನಿಗೆ ಕಳಿಸಿ. ಸಾರಾಂಶ ಕೇಳುವುದನ್ನು ಬಿಟ್ಟು ಕಾದಂಬರಿಯ ಯಾವುದೋ ಇಪ್ಪತ್ತು ಪುಟ ಓದಿ, ಮೊದಲಿನವೇ ಆಗಬೇಕೆಂದಿಲ್ಲ. ಕನ್ನಡ ಬಲ್ಲವರು ಲಂಡನ್ನಿನಲ್ಲಿ ಬೇಕಾದಷ್ಟಿದ್ದಾರೆ. ಅವರಲ್ಲಿ ಇಬ್ಬರಿಗೆ ಸಂಭಾವನೆ ಕೊಟ್ಟು ಮೂಲವನ್ನೇ ಓದಿಸಿ. ಒಪ್ಪಿಗೆಯಿಲ್ಲದಿದ್ದರೆ ದಯವಿಟ್ಟು ಬಾಯಿ ಬಿಟ್ಟು ಹೇಳಿ. ಹನ್ನೆರಡು ವಾರ ಮೌನವಾಗಿದ್ದರೆ ಒಪ್ಪಿದ್ದೀರಿ ಎಂದು ತಿಳಿಯಲಾಗುವುದು.

ಇತಿ,
ತಮ್ಮ ರಾಶಿಯ ಅಡಿಯಲ್ಲಿರುವ ಒಬ್ಬ ಕಾದಂಬರಿಕಾರ