ಗಳ ಹಿಡಿಯುವುದೋ, ಏಣಿ ಹತ್ತುವುದೋ: ಕಿಟಕಿ ತೊಳೆಯುವವರಿಗೊಂದು ಕೈಪಿಡಿ

ಈ ಕೈಪಿಡಿ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಮಟ್ಟಿಗೆ ಮಾತ್ರ. ಬೆಂಗಳೂರಿನಲ್ಲಿ ಹಗ್ಗಕ್ಕೆ ಜೋತುಬಿದ್ದು ಇಪ್ಪತ್ತನೇ ಮಹಡಿಯ ಗಾಜು ಒರೆಸುವವರು ಇದನ್ನೋದಿ ನಕ್ಕರೆ ನಮ್ಮ ಹೊಣೆಯಲ್ಲ. ನಮ್ಮ ಕಡೆ ಕಿಟಕಿ ತೊಳೆಯುವುದನ್ನು ಒಂದು ಕಸುಬೆಂದು ಯಾರೂ ಲೆಕ್ಕಕ್ಕಿಟ್ಟಿಲ್ಲ. ಬಣ್ಣ ಬಳಿಯುವವರು, ವೈರಿಂಗಿನವರು, ಶಾಮಿಯಾನದವರು, ಹಬ್ಬಕ್ಕೆಂದು ಬಂದು ಸುಮ್ಮನೆ ಕೂತ ನೆಂಟರು, ಹೀಗೆ ಯಾರ ಕೈ ಬಿಡುವಾಗಿರುತ್ತದೋ ಅವರೇ ಕಸುಬುದಾರರು.

ಬೇಕಾಗುವ ಸಾಮಾನು

ಗಳ, ಒಂದು. ಬಿದಿರಿನದಾದರೆ ಒಣಗಿದ್ದು, ನೇರವಿದ್ದದ್ದು. ಬಿದಿರು ನಿಜಕ್ಕೂ ಹುಲ್ಲಿನ ಜಾತಿ. ಆದರೆ 1927ರ ಭಾರತೀಯ ಅರಣ್ಯ ಕಾಯಿದೆ ಅದನ್ನು ಮರವೆಂದೇ ಎಣಿಸುತ್ತಿತ್ತು. 2017ರಲ್ಲಿ ತಿದ್ದುಪಡಿ ತಂದು ಕಾಡಿನಾಚೆ ಬೆಳೆದ ಬಿದಿರನ್ನು ಮರಗಳ ಪಟ್ಟಿಯಿಂದ ಕೈಬಿಟ್ಟರು. ಹಾಗೆಂದು ಬಿಳಿಗಿರಿರಂಗನ ಬೆಟ್ಟದ ಕಡೆ ಮಚ್ಚು ಹಿಡಿದು ಹೊರಡಬೇಡಿ. ಅದು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಗಳ ಕಡಿದವನು ಮುಂದೆ ಕಿಟಕಿಯನ್ನು ಒಳಗಿನಿಂದ, ಕಂಬಿಗಳ ನಡುವಿನಿಂದ ನೋಡಬೇಕಾದೀತು. ಅಂಗಡಿಯಲ್ಲಿ ಸಿಗುವ, ಒಂದರೊಳಗೊಂದು ಸೇರುವ ಉದ್ದುದ್ದ ಕೋಲೂ ಆದೀತು.

ಏಣಿ, ಒಂದು. ಕೊಂಡಿಟ್ಟವರು ಕಡಿಮೆ, ಬಾಡಿಗೆಗೆ ತರುವವರೇ ಹೆಚ್ಚು. ತರುವ ಮೊದಲು ಮೆಟ್ಟಿಲುಗಳನ್ನು ಎಣಿಸಿ. ವಾಪಸ್ ಕೊಡುವಾಗ ಅಂಗಡಿಯವರು ಎಣಿಸುತ್ತಾರೆ.

ರಬ್ಬರ್ ಪಟ್ಟಿಯ ವೈಪರ್, ಒಂದು. ಇದನ್ನು ಈಗಿನ ರೂಪಕ್ಕೆ ತಂದು 1936ರಲ್ಲಿ ಪೇಟೆಂಟ್ ಪಡೆದವನು ಇಟಲಿಯಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಎಟ್ಟೋರೆ ಸ್ಟೆಕೋನೆ. ಅವನೂ ಕಿಟಕಿ ತೊಳೆಯುವವನೇ. ಅವನ ಹಿತ್ತಾಳೆಯ ಹಿಡಿ, ಒಂದೇ ರಬ್ಬರ್ ಅಲಗಿನ ಮಾದರಿ ಇವತ್ತಿಗೂ ಹೆಚ್ಚೇನೂ ಬದಲಾಗಿಲ್ಲ. ಹಿತ್ತಾಳೆ ಹೋಗಿ ಪ್ಲಾಸ್ಟಿಕ್ ಬಂತು, ಅಷ್ಟೆ.

ಹಳೇ ಹತ್ತಿ ಪಂಚೆ, ಎರಡು ತುಂಡು. ರೇಷ್ಮೆಯ ಊರೆಂದು ಕೊಳ್ಳೇಗಾಲದವರು ಹಳೇ ರೇಷ್ಮೆ ಪಂಚೆ ತರುವುದುಂಟು. ಬೇಡ. ನೀರು ಒರೆಸಲು ಹತ್ತಿಯೇ ಸರಿ.

ಬಾಮೈದ, ಒಬ್ಬ. ಏಣಿಯ ಬುಡ ಹಿಡಿಯಲು. ಅಕ್ಕನ ಗಂಡ ಬಿದ್ದರೆ ತನಗೇ ಗಂಟು ಬೀಳುತ್ತದೆಂಬ ಅರಿವು ಇರುವವನಾದ್ದರಿಂದ ಈ ಕೆಲಸಕ್ಕೆ ಅವನಷ್ಟು ತಕ್ಕವರಿಲ್ಲ.

ಮೊದಲು ತಲೆ ಎತ್ತಿ ನೋಡಿ

ಗಳ, ಏಣಿ ಎರಡನ್ನೂ ನೆಲದ ಮೇಲಿಟ್ಟು ಕೈಕಟ್ಟಿ ನಿಂತು ಮೇಲೆ ನೋಡಿ. ನೋಡಬೇಕಾದ್ದು ಎರಡು.

ಒಂದು, ಸಜ್ಜದ ಅಡಿ. ಅಲ್ಲಿ ಕಪ್ಪಗೆ, ಮೊರದಗಲ ಏನಾದರೂ ನೇತಾಡುತ್ತಿದ್ದು, ಅದರ ಮೈಮೇಲೆ ಅಲೆ ಓಡಿದಂತೆ ಕಂಡರೆ ಅದು ಜೇಡರ ಬಲೆಯಲ್ಲ, ಹೆಜ್ಜೇನು. ಮರದ ಕೊಂಬೆ, ಬಂಡೆಯ ಚಾಚು ಬಿಟ್ಟರೆ ಹೆಜ್ಜೇನಿಗೆ ಇಷ್ಟವಾದದ್ದು ನೀರಿನ ಟ್ಯಾಂಕಿನ ಅಡಿ ಮತ್ತು ನಿಮ್ಮ ಸಜ್ಜ. ಬೆಟ್ಟದ ಸೋಲಿಗರು ತಲೆತಲಾಂತರದಿಂದ ಹೆಜ್ಜೇನು ಕೀಳುವವರು. ಅವರೂ ಹೊಗೆ ಹಾಕಿ, ಆಮೇಲೆ ಹತ್ತುತ್ತಾರೆ. ಹಗಲು ಹನ್ನೊಂದು ಗಂಟೆಗೆ, ಸೋಪಿನ ನೊರೆ ಹತ್ತಿದ ಬ್ರಷ್ಷನ್ನು ಹದಿನೈದು ಅಡಿ ಗಳದ ತುದಿಗೆ ಕಟ್ಟಿ ಹೆಜ್ಜೇನಿನ ತಟ್ಟಿ ತಿವಿಯುವ ವಿದ್ಯೆ ಅವರಿಗೂ ಬರುವುದಿಲ್ಲ. ಅಂಥ ಮನೆಯ ಕೆಲಸ ಬಿಟ್ಟು ಬನ್ನಿ. ಮುಂಗಡ ವಾಪಸ್ ಕೇಳಿದರೆ ಕೊಡಿ.

ಇನ್ನೊಂದು, ಕರೆಂಟಿನ ತಂತಿ. ಪಕ್ಕದ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತೆಗೆದು 1902ರಲ್ಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅಷ್ಟು ದೂರ ಹೋದ ಕರೆಂಟಿಗೆ ನಿಮ್ಮ ಅಲ್ಯೂಮಿನಿಯಂ ಏಣಿಯ ಹದಿನಾರು ಅಡಿ ಯಾವ ಲೆಕ್ಕ? ಬಿದಿರಿಗೆ ಕರೆಂಟು ಹಾಯುವುದಿಲ್ಲ ಎನ್ನುವವರು ಒಣ ಬಿದಿರಿನ ಮಾತಾಡುತ್ತಿದ್ದಾರೆ. ನಿಮ್ಮ ಗಳದ ಮೇಲೆ ನೀರು ಇಳಿಯುತ್ತಿರುತ್ತದೆ.

ನೀರಿನ ವಿಚಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಗಳದ ಗೆಲುವು ಸೋಲು ನೀರಿನಲ್ಲಿದೆ.

ಬ್ರಿಟನ್ನಿನಲ್ಲಿ 2005ರಲ್ಲಿ ಎತ್ತರದ ಕೆಲಸಕ್ಕೆ ನಿಯಮ ಬಂತು: ನೆಲದ ಮೇಲೆ ನಿಂತೇ ಮಾಡಬಹುದಾದದ್ದನ್ನು ಮೇಲೆ ಹತ್ತಿ ಮಾಡಬೇಡ. ಅಲ್ಲಿಂದೀಚೆಗೆ ಅಲ್ಲಿ ಏಣಿ ಬಿಟ್ಟು ಗಳ ಹಿಡಿದವರೇ ಜಾಸ್ತಿ. ಗಳಕ್ಕೆ ಪೈಪು ಹಾಯಿಸಿ, ತುದಿಯ ಬ್ರಷ್ಷಿನಿಂದ ಲವಣ ತೆಗೆದ ನೀರು ಬಿಟ್ಟು ಉಜ್ಜುತ್ತಾರೆ. ಒರೆಸುವ ಮಾತೇ ಇಲ್ಲ. ನೀರಿನಲ್ಲಿ ಏನೂ ಇಲ್ಲದ್ದರಿಂದ ಅದು ಆರಿದ ಮೇಲೆ ಗಾಜಿನ ಮೇಲೂ ಏನೂ ಉಳಿಯುವುದಿಲ್ಲ.

ನಮ್ಮ ಬೋರ್‌ವೆಲ್ ನೀರಿನಲ್ಲಿ ಹಾಗೆ ಮಾಡಿದರೆ ಸಂಜೆಗೆ ಗಾಜಿನ ಮೇಲೆ ರಂಗೋಲಿ. ಗಡುಸು ನೀರಿನ ಸುಣ್ಣದಂಶ ಬಿಸಿಲಿಗೆ ಆರಿ ಬಿಳೀ ಚುಕ್ಕಿಯಾಗಿ ಕೂತುಬಿಡುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಇದ್ದರೂ ಭಾರತೀಯ ಮಾನಕ ಸರಿ ಎನ್ನುತ್ತದೆ. ಗಳದಲ್ಲಿ ತೊಳೆಯುವವರು 10 ದಾಟಬಾರದು ಎನ್ನುತ್ತಾರೆ. ಮನುಷ್ಯನಿಗಿಂತ ಗಾಜು ಐವತ್ತು ಪಟ್ಟು ನಾಜೂಕು.

ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಒಂದು ಕ್ಯಾನು ತಂದು ಕೊನೆಯ ಸಲ ತೊಳೆಯಲು ಬಳಸಬಹುದು. ಬಳಸುವಾಗ ಯಾರೂ ನೋಡದಂತಿರಲಿ. ನಾನೊಮ್ಮೆ ಸಿಕ್ಕಿಬಿದ್ದೆ. ಎದುರುಮನೆಯ ಅಜ್ಜಿ, “ಏನಪ್ಪಾ, ಕುಡಿಯೋ ನೀರ ಗೋಡೆಗೆ ಉಯ್ತಾ ಇದ್ದೀರಲ್ಲ, ನೀವು ಬಾಳೀರಾ?” ಎಂದರು. ಉತ್ತರ ಹೊಳೆಯಲಿಲ್ಲ, ಇನ್ನೂ ಹೊಳೆದಿಲ್ಲ. ಅಂದಿನಿಂದ ಮಳೆ ನೀರು ಹಿಡಿದಿಡುತ್ತೇನೆ. ಅದು ಘಟಕದ ನೀರಿಗಿಂತ ಒಳ್ಳೆಯದು, ಅಜ್ಜಿಯ ತಕರಾರೂ ಇಲ್ಲ.

ಆಗಲೇ ಕೂತುಬಿಟ್ಟ ಚುಕ್ಕಿಗೆ ಗಳ ಪ್ರಯೋಜನವಿಲ್ಲ. ಹುಣಸೆಹಣ್ಣು ಕಿವುಚಿದ ರಸ ಸವರಿ, ಐದು ನಿಮಿಷ ಬಿಟ್ಟು, ಕೈಯಲ್ಲೇ ಉಜ್ಜಬೇಕು. ಹಿತ್ತಾಳೆ ಚೊಂಬಿಗೆ ಮಾಡುವ ಉಪಚಾರವೇ. ಕೈಯಲ್ಲಿ ಉಜ್ಜಬೇಕೆಂದರೆ ಕೈ ಅಲ್ಲಿಗೆ ಮುಟ್ಟಬೇಕು. ಅಂದರೆ ಏಣಿ.

ಏಣಿ ನಿಲ್ಲಿಸುವ ಬಗೆ

ನಾಲ್ಕು ಮೊಳ ಎತ್ತರಕ್ಕೆ ಒಂದು ಮೊಳ ಬುಡ ಈಚೆ ಬರಬೇಕು. ಹದಿನಾರು ಅಡಿಯಲ್ಲಿ ಏಣಿ ಗೋಡೆಗೆ ಒರಗಿದರೆ ಬುಡ ಗೋಡೆಯಿಂದ ನಾಲ್ಕು ಅಡಿ. ಇದಕ್ಕಿಂತ ನೆಟ್ಟಗೆ ನಿಲ್ಲಿಸಿದರೆ ಏಣಿ ನಿಮ್ಮನ್ನು ಹಿಂದಕ್ಕೆ ತಳ್ಳುತ್ತದೆ, ಓರೆಯಾದರೆ ಬುಡ ಜಾರುತ್ತದೆ. ಗಾಜಿಗೆ, ಪೈಪಿಗೆ, ಡಿಶ್ ಆಂಟೆನಾಗೆ ಒರಗಿಸಬೇಡಿ. ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು, ಯಾವಾಗಲೂ ಮೂರು ಏಣಿಯ ಮೇಲಿರಲಿ. ಕೈಗೆ ಸಿಗದ ಮೂಲೆಗೆ ಬಗ್ಗುವ ಆಸೆ ಬಂದಾಗ ಇಳಿದು ಏಣಿ ಸರಿಸಿ. ಯಾರೂ ಸರಿಸುವುದಿಲ್ಲ ಎಂಬುದು ಗೊತ್ತಿದ್ದೂ ಬರೆದಿದ್ದೇನೆ.

ಆಗಾಗ ಮೇಲಿನಿಂದ ಕೇಳುತ್ತಿರಿ: “ಹಿಡ್ಕಂಡಿದ್ದೀಯೇನ್ಲಾ?”

“ಹಿಡ್ಕಂಡಿವ್ನಿ ಕನ ಭಾವ.”

ಈ ಉತ್ತರ ನಿಮ್ಮ ಕಾಲ ಕೆಳಗಿನಿಂದ ಬಂದರೆ ಸರಿ. ಬೀದಿಯ ತುದಿಯ ಟೀ ಅಂಗಡಿಯ ಕಡೆಯಿಂದ ಬಂದರೆ ಅಲುಗದೆ ನಿಲ್ಲಿ.

ಎರಡನ್ನೂ ಕೂಡಿಸುವುದು

ಈಗ ಅಸಲು ವಿಷಯ. ಗಳವೇ ಸಾಕು ಎನ್ನುವ ಹುಡುಗರೂ ಏಣಿಯಿಲ್ಲದೆ ಕೆಲಸವೇ ಅಲ್ಲ ಎನ್ನುವ ಹಿರಿಯರೂ ವಾದಕ್ಕಿಳಿದರೆ ಸಂಜೆಯಾದರೂ ಗಾಜು ಒದ್ದೆಯಾಗುವುದಿಲ್ಲ. ನಾನು ನೋಡಿದಂತೆ ಲೆಕ್ಕ ಇಷ್ಟು: ಮನೆಯ ಮೊದಲ ತೊಳೆತ ಏಣಿಯದು, ಆಮೇಲಿನವು ಗಳದವು. ಹೊಸ ಕಟ್ಟಡದ ಗಾಜಿಗೆ ಸಿಮೆಂಟು ಸಿಡಿದಿರುತ್ತದೆ, ಬಣ್ಣ ಬಳಿದವರ ನೆನಪು ಹನಿಹನಿಯಾಗಿ ಉಳಿದಿರುತ್ತದೆ, ಪಾರಿವಾಳಗಳ ಕಾಣಿಕೆ ಗಟ್ಟಿಯಾಗಿರುತ್ತದೆ. ಇವನ್ನು ನೆನೆಸಿ, ಉಗುರಿನ ಹತ್ತಿರದ ಮಮತೆಯಿಂದ ಎಬ್ಬಿಸಬೇಕು. ಇಪ್ಪತ್ತಡಿ ದೂರದ ಗಳಕ್ಕೆ ಆ ಮಮತೆ ಇಲ್ಲ. ಒಮ್ಮೆ ಹೀಗೆ ಗಾಜು ನುಣುಪಾದರೆ, ಮುಂದೆ ಕೂರುವುದು ಬರೀ ಧೂಳು. ಅದಕ್ಕೆ ಕೆಳಗೇ ನಿಂತು ಗಳ ಆಡಿಸಿದರಾಯಿತು. ಕತ್ತು ನೋಯುತ್ತದೆ, ಆದರೆ ಮುರಿಯುವುದಿಲ್ಲ.

ಒಂದೇ ದಿನ ಎರಡನ್ನೂ ಬಳಸುವುದಾದರೆ ಮೇಲಿನ ಮಹಡಿಗೆ ಮೊದಲು ಗಳ, ಕೆಳಗಿನದಕ್ಕೆ ಆಮೇಲೆ ಏಣಿ. ಕೊಳೆ ನೀರು ಕೆಳಗಿಳಿಯುತ್ತದೆಂಬುದನ್ನು ಮರೆತು ಕೆಳಗಿನ ಗಾಜನ್ನು ಎರಡು ಸಲ ಒರೆಸಿದವರ ಪೈಕಿ ನಾನೂ ಒಬ್ಬ. ಏಣಿಯ ತುದಿಯಲ್ಲಿ ನಿಂತು ಉದ್ದನೆ ಗಳ ಬೀಸುವ ಸರ್ಕಸ್ ಮಾತ್ರ ಬೇಡ. ಗಳ ಗೋಡೆಯನ್ನು ಎಷ್ಟು ತಳ್ಳುತ್ತದೋ ಗೋಡೆ ನಿಮ್ಮನ್ನು ಅಷ್ಟೇ ತಳ್ಳುತ್ತದೆ. ಒಂದು ತೋಳುದ್ದದ ಕೋಲಾದರೆ ಪರವಾಗಿಲ್ಲ, ಬಗ್ಗುವ ಆಸೆಗೆ ಅದೇ ಮದ್ದು.

ತಾಲ್ಲೂಕುವಾರು ಸೂಚನೆಗಳು

ಹನೂರಿನ ಮುಖ್ಯರಸ್ತೆಯಲ್ಲಿ ಕಿಟಕಿಯಿದ್ದವರು ಪಂಚಾಂಗ ನೋಡಿ ತೊಳೆಸಿ. ಕೊಳ್ಳೇಗಾಲದಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ಭಕ್ತರೆಲ್ಲ ಈ ದಾರಿಯವರೇ. ಅಮಾವಾಸ್ಯೆ, ಶಿವರಾತ್ರಿ, ಯುಗಾದಿ, ದೀಪಾವಳಿಗೆ ಬಸ್ಸು, ಕಾರು, ಕಾಲ್ನಡಿಗೆಯವರು, ಎಲ್ಲರ ಧೂಳೂ ನಿಮ್ಮ ಗಾಜಿಗೇ. ಜಾತ್ರೆಗೆ ಮುಂಚೆ ತೊಳೆಸುವುದು ಭಕ್ತಿ, ಕಳೆದ ಮೇಲೆ ತೊಳೆಸುವುದು ಜಾಣತನ. ಬೆಟ್ಟದ ಮಾದಪ್ಪನಿಗೆ ಎರಡೂ ಒಪ್ಪಿಗೆ.

ಯಳಂದೂರಿನದು ಬೇರೆ ಲೆಕ್ಕ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದ ಊರು. ಇಲ್ಲಿನ ಹಳೇ ಮನೆಗಳ ಕಿಟಕಿಯಲ್ಲಿ ಗಾಜಿಗಿಂತ ಮರ ಹೆಚ್ಚು. ಮರದ ಸರಳಿಗೆ ಗಳದಿಂದ ನೀರು ಸುರಿದರೆ ಬಾಗಿಲು ಉಬ್ಬಿ ಮುಂದಿನ ಬೇಸಿಗೆಯವರೆಗೆ ಮುಚ್ಚುವುದಿಲ್ಲ. ಒಣ ಬಟ್ಟೆ, ಗಿಡ್ಡ ಏಣಿ, ಹೆಚ್ಚು ಹೊತ್ತು. ಗೌರೀಶ್ವರ ದೇವಸ್ಥಾನದ ಬಳೇ ಮಂಟಪದ ಕಲ್ಲಿನ ಬಳೆ ಸರಪಳಿ ನೋಡಿ ಅದನ್ನೂ ಒಂದು ಕೈ ನೋಡೋಣ ಎನಿಸಿದವರು ಬ್ರಷ್ಷನ್ನು ಬಕೆಟ್ಟಿನಲ್ಲೇ ಬಿಟ್ಟು ಬರಿಗೈಯಲ್ಲಿ ಹೋಗಿ ನೋಡಿ ಬನ್ನಿ.

ಕೊಳ್ಳೇಗಾಲಕ್ಕೆ ವಿಶೇಷ ಸೂಚನೆಯಿಲ್ಲ. ನೀಲಿ ಗಾಜಿನ ಕಾಂಪ್ಲೆಕ್ಸು, ಪಕ್ಕದಲ್ಲೇ ಹೆಂಚಿನ ಮನೆ, ಮೇಲೆ ಹೇಳಿದ್ದೆಲ್ಲ ಅಲ್ಲಿ ಒಂದೇ ಬೀದಿಯಲ್ಲಿ ಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ

ಏಣಿಯನ್ನು ಕತ್ತಲಾಗುವ ಮುಂಚೆ ಅಂಗಡಿಗೆ ಮುಟ್ಟಿಸಿ, ಇಲ್ಲವಾದರೆ ಇನ್ನೊಂದು ದಿನದ ಬಾಡಿಗೆ. ಗಳವನ್ನು ಹೆಗಲಿಗೇರಿಸುವ ಹೊತ್ತಿಗೆ ಮನೆಯಮ್ಮ ಹಿತ್ತಲ ಬಾಗಿಲಿಗೆ ಬಂದು, “ಹೆಂಗೂ ಗಳ ತಂದಿದ್ದೀರಿ, ಒಸಿ ನುಗ್ಗೇಕಾಯಿ ಉದುರಿಸಿಕೊಟ್ಬುಡಿ” ಎನ್ನುತ್ತಾರೆ. ಇದು ಕೂಲಿಯಲ್ಲಿ ಸೇರಿಲ್ಲ, ಆದರೆ ಇಲ್ಲವೆನ್ನುವಂತಿಲ್ಲ. ಬ್ರಷ್ ಬಿಚ್ಚಿ ಕೊಕ್ಕೆ ಕಟ್ಟಿ. ಬಾಮೈದ ಏಣಿ ತಂದು ಮರಕ್ಕೆ ಒರಗಿಸಲು ಬಂದರೆ ತಡೆಯಿರಿ. ನುಗ್ಗೆ ಕೊಂಬೆ ಬಲು ಪೆಡಸು, ಆಳು ಹತ್ತಿದರೆ ಲಟಕ್ಕೆನ್ನುತ್ತದೆ. ಅಲ್ಲಿ ಗಳವೊಂದೇ. ಹತ್ತು ಕಾಯಿ ಕೊಟ್ಟರೆ ನಾಲ್ಕು ಬಾಮೈದನಿಗೆ.