ಒಂದು ವೋಟಿನ ಜೊತೆ ಬೈಟು ಟೀ

ಅಮೆರಿಕದಲ್ಲಿರುವ ಅಕ್ಕನ ಮಗ ಅಲ್ಲಿನ ಪೌರತ್ವದ ಪರೀಕ್ಷೆಗೆ ಓದುತ್ತಿದ್ದಾನೆ. ಸೆನೆಟರುಗಳು ಎಷ್ಟು ಜನ, ಸಂವಿಧಾನಕ್ಕೆ ಎಷ್ಟು ತಿದ್ದುಪಡಿ ಎಂದೆಲ್ಲ ಉರು ಹೊಡೆಯುತ್ತಿದ್ದವನು ಒಂದು ರಾತ್ರಿ ಫೋನ್ ಮಾಡಿ, "ಮಾವ, ಒಂದು ವೋಟಿಂದ ನಿಜವಾಗ್ಲೂ ಏನಾದ್ರೂ ಆಗುತ್ತಾ?" ಎಂದ. ಈ ಪ್ರಶ್ನೆಗೆ ಪುಸ್ತಕ ತಿರುವಿ ಪ್ರಯೋಜನವಿಲ್ಲ, ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಗೆ ಹೋಗಬೇಕು. 2004ರ ವಿಧಾನಸಭೆ ಚುನಾವಣೆಯಲ್ಲಿ ಅಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ನಡುವೆ ನಿಂತ ಆ ಒಂದು ವೋಟು ಸರ್ಕಲ್ಲಿನ ಟೀ ಅಂಗಡಿಯ ಬೆಂಚಿನ ಮೇಲೆ ಕಾಲು ಚಾಚಿಕೊಂಡು ಕೂತಿತ್ತು.

"ಬನ್ನಿ ಸಾ, ಕೂತ್ಕಳಿ. ಬೈಟು ಹೇಳಿ."

*ಈ ಸೀಮೆಯಲ್ಲಿ 'ಬುದ್ಧಿ' ಅಂತ ಕರೆಯುವ ರೂಢಿ ಇತ್ತಲ್ಲ?*

"ಅದು ನಿಮ್ಮ ತಾತನ ಕಾಲ್ದಲ್ಲಿ. 'ಬುದ್ಧಿ' ಅಂತಿದ್ದೋರ್ನೂ ಅನ್ನುಸ್ಕತಿದ್ದೋರ್ನೂ ಒಂದೇ ಕ್ಯೂನಲ್ಲಿ ನಿಲ್ಸಿದ್ದೇ ನಾನು. ಬೂತಿಂದ ಈಚೆ ಬಂದ್ಮೇಲೆ ಏನ್ ಮಾಡ್ಕತ್ತರೋ, ಅದು ನನ್ನ ಕೈಲಿಲ್ಲ. 2022ರಲ್ಲಿ ಇಲ್ಲೇ ಹೆಗ್ಗೋಠಾರದಲ್ಲಿ ದಲಿತ ಹೆಣ್ಮಗಳು ನೀರು ಕುಡುದ್ಲು ಅಂತ ತೊಂಬೆ ನೀರ ಚೆಲ್ಲಿ ತೊಳುದ್ರು ಅಂತ ಕೇಸಾಯ್ತಲ್ಲ. ನಿಮ್ಮ ಅಳಿಯನ ದೇಸದಲ್ಲೂ ದಕ್ಷಿಣದ ಕಡೆ ಬಿಳೀರಿಗೊಂದು ನಲ್ಲಿ, ಕರೀರಿಗೊಂದು ನಲ್ಲಿ ಇತ್ತು. 1964ರಲ್ಲಿ ಕಾಯ್ದೆ ಬಂದು ನಿಲ್ತು. ನಮಗೆ ಕಾಯ್ದೆ 1955ರಲ್ಲೇ ಬಂದದೆ. ತೊಂಬೆಗೆ ಓದಕ್ ಬರಕ್ಕಿಲ್ಲ, ಏನ್ ಮಾಡದು."

*ಇರಲಿ. ನೀವು ಯಾರ ವೋಟು?*

"ಅದೊಂದ ಕೇಳ್ಬೇಡಿ. ಗುಟ್ಟು ಬಿಟ್ಕೊಟ್ರೆ ನಾನು ವೋಟೇ ಅಲ್ಲ. ಆದ್ರೆ ತಮಾಸೆ ನೋಡಿ, ಅವತ್ತು ಗೆದ್ದ ಕಡೆ ಒತ್ತಿದ 40,752 ಜನನೂ 'ಆ ಒಂದು ವೋಟು ನಂದೇ' ಅಂತರೆ. ಮೊದಮೊದ್ಲು ನಗ್ತಿದ್ದೆ. ಆಮೇಲೆ ಲೆಕ್ಕ ಹಾಕ್ದೆ. ಎಲ್ರೂ ನಿಜನೇ ಹೇಳ್ತಾವ್ರೆ! ಅವ್ರಲ್ಲಿ ಯಾರೊಬ್ರು ಮನೇಲಿ ಕೂತಿದ್ರೂ ಸಮ ಆಗೋದು, ಅಧಿಕಾರಿಗಳು ಚೀಟಿ ಎತ್ತೋರು."

*ಚೀಟಿಯೇ?*

"ಕಾನೂನೇ ಅದು. ಮಾರಿಹಬ್ಬದ ಸರದಿಗೆ ಎತ್ತದಿಲ್ವಾ, ಹಂಗೇ. ಅಮೆರಿಕದೋರೇನು ಕಮ್ಮಿ ಇಲ್ಲ. 2018ರ ಜನವರೀಲಿ ವರ್ಜೀನಿಯಾದಲ್ಲಿ ಒಂದು ಸೀಟಿಗೆ ಸಮ ಬಂದು, ಬಟ್ಟಲಿಗೆ ಹೆಸ್ರು ಹಾಕಿ ಎತ್ತುದ್ರು."

*ಸೋತವರ ಕಾರಿನ ಡ್ರೈವರ್ ಅವತ್ತು ವೋಟು ಹಾಕಲಿಲ್ಲವಂತೆ?*

"ಊರೆಲ್ಲ ಅದೇ ಕತೆ. ಪಾಪ, ಅವನು ಸ್ಟೇರಿಂಗ್ ಹಿಡ್ಕಂಡು ಕೆಲ್ಸನಾದ್ರೂ ಮಾಡ್ತಿದ್ದ. ಟೀವಿ ಮುಂದೆ ಬಿದ್ಕಂಡಿದ್ದೋರ ಕತೆ ಯಾರೂ ಹೇಳಕ್ಕಿಲ್ಲ."

*ಅಮೆರಿಕದಲ್ಲಿ ನಿಮ್ಮಂಥ ನೆಂಟರು?*

"ಅವ್ರೆ. 2000ದಲ್ಲಿ ಫ್ಲೋರಿಡಾದಲ್ಲಿ 537 ಜನ. ಬುಶ್ಶು ಅಧ್ಯಕ್ಷ ಆಗಿದ್ದು ಅಷ್ಟರಲ್ಲೇ. ಇಡೀ ದೇಸ ಎಣಿಸುದ್ರೆ ಗೋರ್‌ಗೇ ಐದು ಲಕ್ಷಕ್ಕಿಂತ ಜಾಸ್ತಿ ಬಿದ್ದಿದ್ವು. ಅಲ್ಲಿ ಜನದ ವೋಟು ಅಧ್ಯಕ್ಷರಿಗೆ ನೇರ ಹೋಗಕ್ಕಿಲ್ಲ, ಎಲೆಕ್ಟರ್ ಅಂತ 538 ಜನ ಮಧ್ಯದಲ್ಲಿ ನಿಂತಿರ್ತರೆ. 270 ಸಿಕ್ದೋರು ಗೆದ್ರು. ನಮ್ಮ ರಾಗಿ ಮಂಡಿ ದಲ್ಲಾಳಿ ಇದ್ದಂಗೆ. ಇನ್ನೊಂದ್ ವಿಸ್ಯ. ನಿಮ್ಮ ಅಳಿಯ ಪರೀಕ್ಷೆ ಬರೀತಾನೆ ಅಂದ್ರಲ್ಲ, 1965ರ ಗಂಟ ಅಲ್ಲಿ ಹುಟ್ಟಿ ಬೆಳೆದ ಕರೀರಿಗೇ ಓದು-ಬರಹದ ಪರೀಕ್ಷೆ ಇಟ್ಟು ವೋಟಿಂದ ಆಚೆ ಹಾಕ್ತಿದ್ರು. ನಮ್ಮಲ್ಲಿ ಓದಕ್ ಬರ್ದೋರಿಗೆ ಮೊದಲ್ನೇ ಚುನಾವಣೇಲೇ ಚಿತ್ರ ಕೊಟ್ರು, ಎತ್ತು, ಗುಡುಸ್ಲು ಅಂತ."

*ಹೆಂಗಸರ ವಿಷಯ?*

"ಅಮೆರಿಕ ಅವ್ರಿಗೆ ಕೊಟ್ಟಿದ್ದು 1920ರಲ್ಲಿ. ನಾವು ಗಣರಾಜ್ಯ ಆದ ದಿನ್ವೇ ಕೊಟ್ವಿ. ಆದ್ರೂ ಮೊದಲ್ನೇ ಪಟ್ಟೀಲಿ 28 ಲಕ್ಷ ಹೆಂಗಸ್ರ ಹೆಸ್ರು ಹೊಡುದ್ರು, 'ಇಂಥೋರ ಹೆಂಡ್ತಿ' ಅಂತ ಬರೆಸಿದ್ರೇ ಹೊರ್ತು ಸ್ವಂತ ಹೆಸ್ರು ಹೇಳ್ಲಿಲ್ಲ ಅಂತ. ಅಂಥ ಕಾಲ್ದಲ್ಲಿ ಗುಂಡ್ಲುಪೇಟೆಯೋರು ಕೆ.ಎಸ್. ನಾಗರತ್ನಮ್ಮೋರ್ನ ಗೆಲ್ಸಕ್ಕೆ ಸುರು ಮಾಡಿ ಏಳು ಸಲ ಗೆಲ್ಸುದ್ರು. 1972ರಲ್ಲಿ ವಿಧಾನಸಭೆ ಸ್ಪೀಕರ್ ಆದ್ರು. ಅಮೆರಿಕದ ಸದನ ಹೆಣ್ಣು ಸ್ಪೀಕರ್ ಕಂಡದ್ದು 2007ರಲ್ಲಿ."

(ಅದು ರಾಜ್ಯದ ಸದನ, ಇದು ದೇಶದ್ದು ಎಂದೆ. "ಸಣ್ಣ ವಿಸ್ಯ ಬುಡಿ" ಎಂದಿತು. ವೋಟಿಗೂ ಊರಿನ ಅಭಿಮಾನ ಇರುತ್ತದೆ.)

*ಮುಖ್ಯಮಂತ್ರಿ ಚಾಮರಾಜನಗರಕ್ಕೆ ಬಂದರೆ ಕುರ್ಚಿ ಹೋಗುತ್ತದಂತಲ್ಲ?*

(ಲೋಟ ಕುಕ್ಕಿ) "ಅದೇ ಸಾ ನನ್ನ ಹೊಟ್ಟೆ ಉರಿ! ಕುರ್ಚಿ ಕೊಡದು ನಾನು, ಕಿತ್ಕಳದು ನಾನು. ಹೆಸ್ರು ಮಾತ್ರ ಊರಿಗೆ! 1997ರಲ್ಲಿ ಜಿಲ್ಲೆ ಮಾಡ್ದಾಗ ಜೆ.ಎಚ್. ಪಟೇಲ್ರು ಪಟ್ಟಣಕ್ಕೆ ಬರ್ದೆ ಮಾದಪ್ಪನ ಬೆಟ್ಟದಲ್ಲೇ ಉದ್ಘಾಟನೆ ಮುಗ್ಸುದ್ರು. 1999ಕ್ಕೆ ಕುರ್ಚಿ ಉಳೀತಾ? ಸಿದ್ದರಾಮಯ್ಯೋರು ಮತ್ತೆ ಮತ್ತೆ ಬಂದ್ರು, 2013ರಿಂದ 2018ರ ಗಂಟ ಅಲ್ಲಾಡ್ದೆ ಕೂತ್ರು. ಎಸ್.ಆರ್. ಬೊಮ್ಮಾಯಿ ಹೆಸ್ರೂ ಆ ಶಾಪದ ಪಟ್ಟೀಲಿ ಸೇರ್ಸವ್ರೆ. 1989ರಲ್ಲಿ ಸದನದಲ್ಲಿ ತಲೆ ಎಣಿಸ್ದೇ ಅವ್ರ ಸರ್ಕಾರ ತಗುದ್ರು. ಅದು ಊರ ಶಾಪನಾ, ದೆಲ್ಲಿ ಕೆಲ್ಸನಾ? ಅವ್ರು ಮಾದಪ್ಪಂಗೆ ಹರಕೆ ಕಟ್ಕಂಡು ಸುಮ್ನಿರ್ಲಿಲ್ಲ, ಕೋರ್ಟಿಗೆ ಹೋದ್ರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜನ ಜಡ್ಜುಗಳು ಕೂತು, ಬಹುಮತ ಎಣಿಸೋ ಜಾಗ ಸದನ, ರಾಜಭವನ ಅಲ್ಲ ಅಂದ್ರು. ಶಾಪ ಅಂತಂದಿದ್ರೆ ಆ ತೀರ್ಪು ಬತ್ತಿತ್ತಾ?"

*2004ರ ನಂತರ ನಿಮ್ಮ ಬದುಕು?*

"ಬದುಕೆಲ್ಲಿ ಬಂತು. 2008ಕ್ಕೆ ಗೆರೆ ಎಳೆಯೋರು ಹೊಸ ನಕ್ಷೆ ಬರುದ್ರು, ಸಂತೇಮರಹಳ್ಳಿ ಕ್ಷೇತ್ರವೇ ಇಲ್ಲ. ಗೆದ್ದೋರು ಎರಡು ಸಲ ಎಂಪಿ ಆದ್ರು, 2019ರಲ್ಲಿ 1,817ರಲ್ಲಿ ಸೋತ್ರು, 2023ರಲ್ಲಿ ತೀರ್ಕಂಡ್ರು. ಸೋತೋರು ಅದೇ ವರ್ಸ ಕೊಳ್ಳೇಗಾಲದಲ್ಲಿ 59 ಸಾವಿರಕ್ಕಿಂತ ಜಾಸ್ತೀಲಿ ಗೆದ್ರು. ಅದೂ ಯಾವ ಪಕ್ಸದಿಂದ? ಕಾಂಗ್ರೆಸ್ಸಿಂದ! ನಾನು ಯಾರ್ನ ಯಾತಕ್ಕೆ ಸೋಲಿಸ್ದೆ ಅಂತ ನನಗೇ ಮರ್ತೋಗದೆ."

*ಬಂಧುಗಳ ಸುದ್ದಿ?*

ಸ್ವಲ್ಪ ಹೊತ್ತು ಮಾತಿಲ್ಲ. "ಮಾದಪ್ಪನ ಬೆಟ್ಟದ ಮೇಲೆ ಇಂಡಿಗನತ್ತ ಅಂತ ಊರು. 2024ರ ಏಪ್ರಿಲ್ 26ಕ್ಕೆ, ಸವಲತ್ತು ಕೊಡ್ದೆ ವೋಟ್ ಹಾಕಲ್ಲ ಅಂದ್ರು. ಗಲಾಟೆ ಆಗಿ ಮಿಷಿನ್ನೇ ಒಡ್ದೋಯ್ತು. 29ಕ್ಕೆ ಮರುಮತದಾನ. 528 ಜನದಲ್ಲಿ ಬಂದೋರು 58."

*ಸಿಟ್ಟು ಬರಲಿಲ್ಲವೇ?*

"ಯಾರ ಮೇಲೆ ಸಾ? ಹುಷಾರಿಲ್ದೋರ್ನ ಡೋಲೀಲಿ ಹೊತ್ಕಂಡು ಇಳಿಸೋ ಸೀಮೆ ಅದು. ಐದು ವರ್ಸಕ್ಕೊಂದ್ ಸಲ ಮಿಷಿನ್ ಹತ್ತಕ್ಕೆ ಮಾತ್ರ ದಾರಿ ಸಿಕ್ಕುತ್ತೆ."

ಅಷ್ಟರಲ್ಲಿ ಟವೆಲ್ ಹೊದ್ದ ಯಜಮಾನರೊಬ್ಬರು ಬಂದು ನನ್ನ ನೋಟ್‌ಬುಕ್ಕಿಗೆ ಬಗ್ಗಿದರು. "ಏನು, 2004ರದ್ದಾ? ಬರ್ಕಳಿ, ಆ ಒಂದು ವೋಟು ನಂದೇ ಕನಿ!"

ವೋಟು ಬೆಂಚಿನ ತುದಿಗೆ ಸರಿದು ಅವರಿಗೆ ಜಾಗ ಕೊಟ್ಟಿತು. "ಬೆಳಿಗ್ಗಿಂದ ಇವ್ರು ಏಳನೆಯೋರು" ಎಂದು ನನ್ನ ಕಿವಿಯಲ್ಲಿ ಹೇಳಿ, ಅಂಗಡಿಯವನಿಗೆ ಕೂಗಿತು: "ಬೈಟು ಬೇಡ ಕನಪ್ಪ, ತ್ರೀ ಬೈ ಟು ಮಾಡು."